ಹಾವಿನ ಮನೆಯಲ್ಲಿ ಮಗುವಿಗೆ ಸಿಗುವ ಪಾಠ

ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ



ಶಾಲೆಗೆ ರಜೆ ಸಿಕ್ಕಿತೆಂದರೆ ಮಕ್ಕಳದ್ದು ಒಂದೇ ಹಟ. "ಅಮ್ಮಾ, ಎಲ್ಲಿಗಾದ್ರೂ ಕರ್ಕೊಂಡು ಹೋಗು." ನಾವು ನೆಂಟರ ಮನೆಗೆ ಹೋಗುತ್ತೇವೆ, ಜಾತ್ರೆಗೆ ಹೋಗುತ್ತೇವೆ, ಹೆಚ್ಚೆಂದರೆ ಬೀಚಿಗೆ ಹೋಗಿ ಐಸ್‌ಕ್ರೀಂ ತಿನ್ನಿಸಿ ಬರುತ್ತೇವೆ. ಈ ಸಲ ಬೇರೆ ಒಂದು ಜಾಗದ ಬಗ್ಗೆ ಮಾತಾಡೋಣ. ಹಾವು, ಮೊಸಳೆ, ಆಮೆ, ಉಡ ಇಂಥ ಪ್ರಾಣಿಗಳನ್ನು ಸಾಕಿ ಜನರಿಗೆ ತೋರಿಸುವ ಜಾಗ. ಪುಸ್ತಕದಲ್ಲಿ ಇವಕ್ಕೆ ಸರೀಸೃಪಗಳು ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹರಿದಾಡುವ ಪ್ರಾಣಿಗಳು.

"ಅಯ್ಯೋ, ಹಾವು ನೋಡ್ಲಿಕ್ಕೆ ಟಿಕೆಟ್ ಕೊಟ್ಟು ಹೋಗ್ಬೇಕಾ? ನಮ್ಮ ಹಿತ್ತಲಿಗೇ ಬರ್ತದಲ್ಲ!" ಎಂದು ನೀವು ನಗಬಹುದು. ಹಿತ್ತಲಿಗೆ ಬರುತ್ತದೆ ಎಂಬ ಕಾರಣಕ್ಕೇ ಹೋಗಬೇಕು ಎಂದು ನಾವು ಹೇಳುತ್ತಿರುವುದು. ಹಿತ್ತಲಿಗೆ ಬಂದ ಹಾವನ್ನು ನಮ್ಮ ಮಗು ಸರಿಯಾಗಿ ನೋಡುವುದೇ ಇಲ್ಲ. ಒಬ್ಬರು ಕಿರುಚುತ್ತಾರೆ, ಒಬ್ಬರು ದೊಣ್ಣೆ ತರುತ್ತಾರೆ, ಒಬ್ಬರು ಸೀಮೆಎಣ್ಣೆ ಎನ್ನುತ್ತಾರೆ. ಆ ಗಲಾಟೆಯಲ್ಲಿ ಮಗು ಕಲಿಯುವುದು ಎರಡೇ: ಕಿರುಚುವುದು ಮತ್ತು ಹೊಡೆಯುವುದು. ಈ ಎರಡರಿಂದಲೂ ಯಾರ ಜೀವವೂ ಉಳಿಯುವುದಿಲ್ಲ.

ಇದು ಜೀವದ ವಿಷಯ

ಮೊದಲು ಒಂದು ಲೆಕ್ಕ ನೋಡಿ. ನಾವು ಉಳಿತಾಯದ ಲೆಕ್ಕ, ಬಡ್ಡಿಯ ಲೆಕ್ಕ ಪ್ರತಿ ವಾರ ನೋಡುವವರು. ಇದನ್ನೂ ಒಮ್ಮೆ ನೋಡಬೇಕು. ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಮಂದಿ ಎಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಸತ್ತವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ 15 ವರ್ಷ ತುಂಬದ ಮಕ್ಕಳು. ಸುಮಾರು ಅರ್ಧದಷ್ಟು ಸಾವು ಆಗಿರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಮಳೆಗಾಲದಲ್ಲಿ. ಹೆಚ್ಚಿನವು ಹಳ್ಳಿಗಳಲ್ಲಿ.

ಇವರು ಯಾರ ಮಕ್ಕಳು? ಬರಿಗಾಲಲ್ಲಿ ಗದ್ದೆ ಬದುವಿನಲ್ಲಿ ನಡೆಯುವವರ ಮಕ್ಕಳು. ನೆಲದ ಮೇಲೆ ಚಾಪೆ ಹಾಸಿ ಮಲಗುವವರ ಮಕ್ಕಳು. ಕತ್ತಲಲ್ಲಿ ಬಯಲಿಗೆ ಹೋಗುವವರ ಮಕ್ಕಳು. ನಮ್ಮಂಥವರ ಮಕ್ಕಳೇ. ಸರ್ಕಾರವೂ ಈಗ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ಆದರೆ ಸರ್ಕಾರ ನಮ್ಮ ಮನೆಯ ಸೌದೆ ರಾಶಿಯ ಹತ್ತಿರ ಬಂದು ನಿಲ್ಲುವುದಿಲ್ಲ. ಅಲ್ಲಿ ನಿಲ್ಲುವುದು ನಾವು ಮತ್ತು ನಮ್ಮ ಮಕ್ಕಳು.

ಎಲ್ಲಿಗೆ ಹೋಗುವುದು?

ಮಂಗಳೂರಿನ ಹತ್ತಿರ ವಾಮಂಜೂರಿನ ಪಕ್ಕದಲ್ಲಿ ಡಾ. ಶಿವರಾಮ ಕಾರಂತರ ಹೆಸರಿನ ಪಿಲಿಕುಳ ನಿಸರ್ಗಧಾಮ ಇದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಅಲ್ಲಿನ ಪ್ರಾಣಿ ಸಂಗ್ರಹಾಲಯದಲ್ಲಿ ಕಾಳಿಂಗ ಸರ್ಪ, ನಾಗರಹಾವು, ಮಂಡಲದ ಹಾವು, ಹೆಬ್ಬಾವು, ಮೊಸಳೆ ಎಲ್ಲವನ್ನೂ ನೋಡಬಹುದು. ಘಟ್ಟದ ಮೇಲಿನವರಿಗೆ ಮೈಸೂರು ಮೃಗಾಲಯ, ಬೆಂಗಳೂರಿನ ಕಡೆಯವರಿಗೆ ಬನ್ನೇರುಘಟ್ಟ ಇದೆ. ಹೋಗುವ ಮೊದಲು ವಾರದ ರಜೆ ಯಾವತ್ತು ಎಂದು ವಿಚಾರಿಸಿಕೊಳ್ಳಿ. ಬಸ್ಸಿಗೆ ದುಡ್ಡು ಹಾಕಿ ಹೋಗಿ ಗೇಟು ಮುಚ್ಚಿದ್ದು ನೋಡಿ ಬರುವುದು ಬೇಡ.

ನಮ್ಮ ದೇಶದಲ್ಲಿ ಹಾವುಗಳಿಗಾಗಿಯೇ ಇಂಥ ಉದ್ಯಾನ ಹೆಸರು ಮಾಡಿದ್ದು ಚೆನ್ನೈಯಲ್ಲಿ. ರೊಮುಲಸ್ ವಿಟೇಕರ್ ಎಂಬವರು 1972ರಲ್ಲಿ ಗಿಂಡಿಯಲ್ಲಿ ಹಾವಿನ ಉದ್ಯಾನವನ್ನು, 1976ರಲ್ಲಿ ಮಹಾಬಲಿಪುರದ ದಾರಿಯಲ್ಲಿ ಮೊಸಳೆಗಳ ಕೇಂದ್ರವನ್ನು ಸ್ಥಾಪಿಸಿದರು. ಅವರೇ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನೂ ಶುರು ಮಾಡಿದರು. ಚೆನ್ನೈಯ ಆ ಕೇಂದ್ರಕ್ಕೂ ನಮ್ಮ ಸಂಘಗಳಿಗೂ ಒಂದು ಸಂಬಂಧ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲ ಪಾಠ: ಹೆದರಿಕೆ ಬೇರೆ, ಎಚ್ಚರ ಬೇರೆ

ಗಾಜಿನ ಆಚೆ ಹಾವು, ಈಚೆ ಮಗು. ಮಗು ಮೊದಲು ಅಮ್ಮನ ಸೆರಗು ಹಿಡಿದುಕೊಳ್ಳುತ್ತದೆ. ಐದು ನಿಮಿಷ ಬಿಟ್ಟರೆ ಮೆಲ್ಲ ಇಣುಕುತ್ತದೆ. ಹತ್ತು ನಿಮಿಷಕ್ಕೆ ಪ್ರಶ್ನೆ ಶುರು. "ಅದು ಯಾಕೆ ನಾಲಿಗೆ ಹೊರಗೆ ಹಾಕ್ತದೆ? ಅದಕ್ಕೆ ಕಣ್ಣು ಮುಚ್ಚಲಿಕ್ಕೆ ಬರುವುದಿಲ್ವಾ? ಅದಕ್ಕೆ ಕಿವಿ ಎಲ್ಲಿ?"

ಈ ಪ್ರಶ್ನೆಗಳಿಗೆ ಉತ್ತರ ಇದೆ. ಹಾವು ನಾಲಿಗೆ ಆಡಿಸುವುದು ಕಚ್ಚಲಿಕ್ಕೆ ಅಲ್ಲ, ವಾಸನೆ ತಿಳಿಯಲಿಕ್ಕೆ. ಅದಕ್ಕೆ ಕಣ್ಣಿನ ರೆಪ್ಪೆ ಇಲ್ಲ, ಹಾಗಾಗಿ ಮಿಟುಕಿಸುವುದಿಲ್ಲ. ಹೊರಗೆ ಕಾಣುವ ಕಿವಿ ಇಲ್ಲ. ನೆಲದಲ್ಲಿ ಬರುವ ಕಂಪನ ಅದರ ಮೈಗೆ ಚೆನ್ನಾಗಿ ತಿಳಿಯುತ್ತದೆ. ಪುಂಗಿಗೆ ತಲೆದೂಗುವುದು ಸಂಗೀತಕ್ಕಲ್ಲ, ಹಾವಾಡಿಗ ಆಡಿಸುವ ಕೈ ಮತ್ತು ಪುಂಗಿಯನ್ನು ಅದು ಕಣ್ಣಿಟ್ಟು ನೋಡುತ್ತಿರುತ್ತದೆ. ಕತ್ತಲಲ್ಲಿ ನಡೆಯುವಾಗ ಕಾಲನ್ನು ಜೋರಾಗಿ ಊರಿ, ಕೋಲನ್ನು ನೆಲಕ್ಕೆ ಕುಟ್ಟಿ ನಡೆಯಿರಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಕಂಪನ ತಿಳಿದರೆ ಹೆಚ್ಚಿನ ಹಾವುಗಳು ತಾವೇ ಸರಿದು ಹೋಗುತ್ತವೆ.

ಹೀಗೆ ಒಂದೊಂದೇ ಗೊತ್ತಾದಂತೆ ಮಗುವಿನ ಮನಸ್ಸಿನಲ್ಲಿ ಹಾವು ಒಂದು ಗುಮ್ಮ ಆಗಿ ಉಳಿಯುವುದಿಲ್ಲ, ಒಂದು ಪ್ರಾಣಿ ಆಗುತ್ತದೆ. ಹಸಿವಾದರೆ ತಿನ್ನುವ, ಚಳಿಯಾದರೆ ಬಿಸಿಲಿಗೆ ಬರುವ, ಯಾರಾದರೂ ತುಳಿದರೆ ಕಚ್ಚುವ ಪ್ರಾಣಿ. ಬರೀ ಹೆದರಿಕೆ ಇರುವ ಮಗು ಹಾವು ಕಂಡರೆ ಒಂದೋ ನಿಂತಲ್ಲೇ ಮರಗಟ್ಟುತ್ತದೆ, ಇಲ್ಲ ಕಂಡಲ್ಲಿ ಓಡುತ್ತದೆ, ಸ್ವಲ್ಪ ದೊಡ್ಡದಾದರೆ ಕಲ್ಲೆತ್ತಿ ಹೊಡೆಯುತ್ತದೆ. ಎಚ್ಚರ ಕಲಿತ ಮಗು ಎರಡು ಹೆಜ್ಜೆ ಹಿಂದೆ ಸರಿದು "ಅಮ್ಮಾ, ಇಲ್ಲಿ ಹಾವಿದೆ" ಎಂದು ಕೂಗುತ್ತದೆ. ಜೀವ ಉಳಿಸುವುದು ಈ ಎರಡು ಹೆಜ್ಜೆ.

ಎರಡನೆಯ ಪಾಠ: ಎಲ್ಲ ಹಾವು ಒಂದೇ ಅಲ್ಲ

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಹೆಚ್ಚಿನವುಗಳಿಂದ ಮನುಷ್ಯನಿಗೆ ಜೀವಭಯ ಇಲ್ಲ. ಅತಿ ಹೆಚ್ಚು ಸಾವಿಗೆ ಕಾರಣವಾಗುವುದು ನಾಲ್ಕು ಹಾವುಗಳು. ಉದ್ಯಾನಕ್ಕೆ ಹೋದಾಗ ಇವುಗಳ ಮುಂದೆ ಮಕ್ಕಳನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ.

ಒಂದು, ನಾಗರಹಾವು. ಹೆಡೆ, ಹೆಡೆಯ ಹಿಂದೆ ಕನ್ನಡಕದಂಥ ಗುರುತು. ಎಲ್ಲರಿಗೂ ಗೊತ್ತು. ಆದರೆ ಸುಮ್ಮನೆ ಹೋಗುವಾಗ ಅದು ಹೆಡೆ ಎತ್ತಿರುವುದಿಲ್ಲ ಎಂಬುದನ್ನು ಮಗು ಅಲ್ಲಿ ನೋಡಬೇಕು.

ಎರಡು, ಕಟ್ಟುಹಾವು. ನೀಲಿಗಪ್ಪು ಮೈ, ಮೇಲೆ ತೆಳ್ಳಗಿನ ಬಿಳಿ ಪಟ್ಟಿಗಳು. ಹಗಲು ಬಲು ಸಾಧು, ರಾತ್ರಿ ತಿರುಗಾಡುವ ಹಾವು. ನೆಲದಲ್ಲಿ ಮಲಗಿದವರ ಹಾಸಿಗೆಗೆ ಬರುವುದು ಹೆಚ್ಚಾಗಿ ಇದೇ.

ಮೂರು, ಕೊಳಕುಮಂಡಲ. ದಪ್ಪ ಮೈ, ಬೆನ್ನ ಮೇಲೆ ಸರಪಳಿಯ ಹಾಗೆ ಮೂರು ಸಾಲು ಕಂದು ಚುಕ್ಕೆಗಳು. ಕೆಣಕಿದರೆ ಕುಕ್ಕರಿನಿಂದ ಆವಿ ಬಿಟ್ಟ ಹಾಗೆ ಬುಸುಗುಟ್ಟುತ್ತದೆ. ತರಗೆಲೆಯ ನಡುವೆ, ಗದ್ದೆಯಲ್ಲಿ, ಹುಲ್ಲಿನ ರಾಶಿಯಲ್ಲಿ ಬಿದ್ದುಕೊಂಡಿದ್ದರೆ ಕಾಣುವುದೇ ಇಲ್ಲ.

ನಾಲ್ಕು, ಗರಗಸ ಮಂಡಲ. ಸಣ್ಣ ಹಾವು. ಮೈಯನ್ನು ಮೈಗೆ ಉಜ್ಜಿ ಗರಗಸದ ಹಾಗೆ ಸದ್ದು ಮಾಡುತ್ತದೆ. ಒಣಭೂಮಿಯಲ್ಲಿ, ಕಲ್ಲಿನ ಸಂದಿಯಲ್ಲಿ ಹೆಚ್ಚು. ಸಣ್ಣದು ಅಂತ ಹಗುರ ಮಾಡುವ ಹಾಗಿಲ್ಲ.

ಇಲ್ಲಿ ಒಂದು ಮುಖ್ಯ ಮಾತು. ಗುರುತು ಕಲಿಯುವುದು ಹಿಡಿಯುವುದಕ್ಕಲ್ಲ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದುಕೊಂಡು ಕೈ ಹಾಕಿ ಕಚ್ಚಿಸಿಕೊಂಡವರಿದ್ದಾರೆ. ವಿಷವಿಲ್ಲದ ತೋಳಹಾವು ನೋಡಲಿಕ್ಕೆ ಕಟ್ಟುಹಾವಿನ ಹಾಗೇ ಇರುತ್ತದೆ. ಎರಡನ್ನೂ ಅಕ್ಕಪಕ್ಕದ ಗಾಜಿನಲ್ಲಿ ನೋಡಿದ ಮಗುವಿಗೆ ಒಂದು ಸಂಗತಿ ಖಂಡಿತ ಗೊತ್ತಾಗುತ್ತದೆ: ಕಣ್ಣು ಮೋಸ ಹೋಗುತ್ತದೆ. ಆದ್ದರಿಂದ ಮಕ್ಕಳಿಗೆ ಹೇಳಿಕೊಡಬೇಕಾದ ನಿಯಮ ಇಷ್ಟೇ. ಗೊತ್ತಿದ್ದರೂ ಮುಟ್ಟಬೇಡ, ಗೊತ್ತಿಲ್ಲದಿದ್ದರೆ ಹತ್ತಿರವೂ ಹೋಗಬೇಡ. ಮೊಬೈಲಿನಲ್ಲಿ ಯಾರೋ ಹಾವನ್ನು ಬಾಲ ಹಿಡಿದು ಎತ್ತುವುದನ್ನು ನೋಡಿ ನಮ್ಮ ಹುಡುಗರಿಗೆ ಅದೊಂದು ಶೌರ್ಯ ಎನಿಸಿದೆ. ಹಾವಿನ ಉದ್ಯಾನದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರೂ ಕೊಕ್ಕೆ ಇಲ್ಲದೆ, ಎಚ್ಚರ ಇಲ್ಲದೆ ಗೂಡಿಗೆ ಇಳಿಯುವುದಿಲ್ಲ. ಇದನ್ನು ಗಂಡು ಮಕ್ಕಳಿಗೆ ತೋರಿಸಿ ಹೇಳಿ.

ಮೂರನೆಯ ಪಾಠ: ಅದಕ್ಕೂ ಒಂದು ಕೆಲಸ ಇದೆ

ನಮ್ಮ ಭತ್ತದ ಕಣಜಕ್ಕೆ, ತೆಂಗಿನ ಎಳೆಕಾಯಿಗೆ, ಮರಗೆಣಸಿನ ಬುಡಕ್ಕೆ ಶತ್ರು ಯಾರು? ಇಲಿ, ಹೆಗ್ಗಣ. ಅವುಗಳನ್ನು ಬಿಲದೊಳಗೇ ಹೋಗಿ ಹಿಡಿಯುವವರು ಯಾರು? ಕೇರೆಹಾವು. ಬೆಕ್ಕಿಗೆ ಬಿಲದೊಳಗೆ ಹೋಗಲಿಕ್ಕೆ ಬರುವುದಿಲ್ಲ. ಕೇರೆಹಾವಿಗೆ ವಿಷ ಇಲ್ಲ. ಆದರೂ ನಾವು ಹೆಚ್ಚು ಕೊಲ್ಲುವುದು ಅದನ್ನೇ, ಯಾಕೆಂದರೆ ಅದು ಉದ್ದ ಇದೆ, ಹಗಲಲ್ಲೇ ಓಡಾಡುತ್ತದೆ, ಕಣ್ಣಿಗೆ ಬೀಳುತ್ತದೆ. ಕೇರೆ ಮತ್ತು ನಾಗರ ಕೂಡುತ್ತವೆ ಎಂಬ ಮಾತೂ ನಮ್ಮಲ್ಲಿದೆ. ಅದು ನಿಜವಲ್ಲ. ಎರಡು ಹಾವು ಹೆಣೆದುಕೊಂಡು ಎದ್ದು ನಿಂತದ್ದು ಕಂಡರೆ ಅದು ಹೆಚ್ಚಾಗಿ ಎರಡು ಗಂಡು ಕೇರೆಹಾವುಗಳ ಕುಸ್ತಿ.

ಕಾಳಿಂಗ ಸರ್ಪದ ಕತೆ ಇನ್ನೂ ಚಂದ. ಜಗತ್ತಿನ ವಿಷದ ಹಾವುಗಳಲ್ಲೆಲ್ಲ ಉದ್ದವಾದದ್ದು ಅದು. ಅದರ ಮುಖ್ಯ ಆಹಾರ ಬೇರೆ ಹಾವುಗಳು. ತರಗೆಲೆಗಳನ್ನು ಮೈಯಿಂದ ಒಟ್ಟುಗೂಡಿಸಿ, ಗುಡ್ಡೆ ಮಾಡಿ, ಅದರೊಳಗೆ ಮೊಟ್ಟೆ ಇಟ್ಟು ಕಾವಲು ಕೂರುವುದು ತಾಯಿ ಕಾಳಿಂಗ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಇದೊಂದೇ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಒಂದು ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆಗುಂಬೆಯ ಕಾಡಿನಲ್ಲಿ ವರ್ಷಗಟ್ಟಲೆ ಅದನ್ನು ಅಧ್ಯಯನ ಮಾಡಿದ ಡಾ. ಪಿ. ಗೌರಿಶಂಕರ್ ಆ ತಂಡದ ಮುಂದಾಳು. ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲೇ ನಮ್ಮ "ಕಾಳಿಂಗ" ಎಂಬ ಮಾತು ಇದೆ. ಇಡೀ ಪ್ರಪಂಚ ಇನ್ನು ಅದನ್ನು ನಮ್ಮ ಹೆಸರಿನಿಂದಲೇ ಕರೆಯಬೇಕು. ಇದನ್ನು ಮಗುವಿಗೆ ಹೇಳಿ ನೋಡಿ, ಅದರ ಮುಖ ಅರಳುತ್ತದೆ. ವಿಜ್ಞಾನ ಎಂದರೆ ಇಂಗ್ಲಿಷ್ ಪುಸ್ತಕದಲ್ಲಿ ಮಾತ್ರ ಇರುವುದು ಎಂದುಕೊಂಡ ಮಗುವಿಗೆ ಅದು ನಮ್ಮ ಕಾಡಿನಲ್ಲೂ, ನಮ್ಮ ಮಾತಿನಲ್ಲೂ ಇದೆ ಎಂದು ಗೊತ್ತಾಗಲಿ.

ಮೊಸಳೆಯ ಹತ್ತಿರವೂ ಸ್ವಲ್ಪ ನಿಲ್ಲಿ. ಬಾಯಿ ತೆರೆದು ಬಿದ್ದಿದ್ದರೆ ಅದು ಸಿಟ್ಟಲ್ಲ, ಮೈ ತಂಪು ಮಾಡಿಕೊಳ್ಳುವ ಉಪಾಯ. ಮೊಟ್ಟೆಯ ಗೂಡಿನ ಬಿಸಿ ಎಷ್ಟಿದೆ ಎಂಬುದರ ಮೇಲೆ ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನ ಆಗುತ್ತದೆ. ರಂಗನತಿಟ್ಟಿನ ಕಾವೇರಿಯಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ ಈ ಮೊಸಳೆಗಳಿವೆ. ಮರದ ಕೊರಡಿನ ಹಾಗೆ ಗಂಟೆಗಟ್ಟಲೆ ಬಿದ್ದಿರುವ ಪ್ರಾಣಿ ಎಷ್ಟು ಚುರುಕಾಗಿ ನೀರಿಗೆ ಜಾರುತ್ತದೆ ಎಂದು ಒಮ್ಮೆ ಕಂಡ ಮಗು, ಅಂಥ ನದಿಯ ದಡದಲ್ಲಿ ಹಾಕಿದ ಎಚ್ಚರಿಕೆಯ ಬೋರ್ಡನ್ನು ಓದಿ ಸುಮ್ಮನೆ ದಾಟಿ ಹೋಗುವುದಿಲ್ಲ.

ನಾಲ್ಕನೆಯ ಪಾಠ: ಮಾತನ್ನು ಪರೀಕ್ಷೆ ಮಾಡುವುದು

ಹಾವು ಹಾಲು ಕುಡಿಯುತ್ತದೆ, ಹಾವು ಸೇಡು ಇಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತದೆ, ಹಾವಿನ ತಲೆಯಲ್ಲಿ ಮಣಿ ಇದೆ. ಇವೆಲ್ಲ ನಾವು ಅಜ್ಜಿಯ ಕತೆಯಲ್ಲಿ, ಸಿನಿಮಾದಲ್ಲಿ ಕೇಳಿದ್ದು. ಕತೆ ಕತೆಯಾಗಿ ಚಂದ. ಆದರೆ ಉದ್ಯಾನದವರನ್ನು ಕೇಳಿ ನೋಡಿ. ಅಲ್ಲಿ ಹಾವಿಗೆ ಕೊಡುವುದು ಇಲಿ, ಕಪ್ಪೆಯಂಥ ಆಹಾರ ಮತ್ತು ನೀರು. ಹಾಲು ಹಾವಿನ ಆಹಾರ ಅಲ್ಲ. ದಿನಗಟ್ಟಲೆ ನೀರಿಲ್ಲದೆ ಬುಟ್ಟಿಯಲ್ಲಿಟ್ಟ ಹಾವು ಬಾಯಾರಿ ಏನನ್ನಾದರೂ ಕುಡಿದೀತು, ಆಮೇಲೆ ಅದಕ್ಕೇ ಕಷ್ಟ. ಯಾರ ನಂಬಿಕೆಯನ್ನೂ ನಾವು ಇಲ್ಲಿ ಹಳಿಯುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಎಷ್ಟೋ ಮರಗಳು ಉಳಿದಿರುವುದು ನಾಗಬನಗಳಿಂದ. ನಮ್ಮ ಗುಂಪುಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರೂ ಇದ್ದೇವೆ. ಭಕ್ತಿ ಇರಲಿ, ಜೀವಂತ ಹಾವಿಗೆ ಹಿಂಸೆ ಬೇಡ ಎಂಬುದಕ್ಕೆ ಎಲ್ಲರೂ ಒಪ್ಪುತ್ತೇವಲ್ಲ?

ಒಂದು ಮೋಸದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಇದರಲ್ಲಿ ದುಡ್ಡಿನ ಮಾತು ಇದೆ. ಎರಡು ತಲೆ ಹಾವು ಎಂದು ನಾವು ಕರೆಯುವ ಮಣ್ಣುಮುಕ್ಕ ಹಾವಿಗೆ ಇರುವುದು ಒಂದೇ ತಲೆ. ಬಾಲ ಮೊಂಡಾಗಿ ತಲೆಯ ಹಾಗೆ ಕಾಣುತ್ತದೆ, ಅಷ್ಟೇ. ಅದರಿಂದ ನಿಧಿ ಸಿಗುತ್ತದೆ, ಅದೃಷ್ಟ ಬರುತ್ತದೆ, ಲಕ್ಷಗಟ್ಟಲೆಗೆ ಮಾರಬಹುದು ಎಂದು ನಂಬಿಸಿ ಜನರನ್ನು ಮೋಸ ಮಾಡುವವರಿದ್ದಾರೆ. ಹಾವನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದೂ ಹಾಗೆಯೇ. ಸಂಘದಲ್ಲಿ ಸಾಲ ಎತ್ತಿ ಯಾರಾದರೂ ಇಂಥದ್ದಕ್ಕೆ ದುಡ್ಡು ಹಾಕುವ ಮಾತಾಡಿದರೆ ದಯವಿಟ್ಟು ತಡೆಯಿರಿ. ದುಡ್ಡೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಐದನೆಯ ಪಾಠ: ಔಷಧಿ ಎಲ್ಲಿಂದ ಬರುತ್ತದೆ

ಈಗ ಚೆನ್ನೈಯ ವಿಷಯಕ್ಕೆ ಬರೋಣ. ತಮಿಳುನಾಡಿನ ಇರುಳರು ತಲೆಮಾರುಗಳಿಂದ ಹಾವು, ಇಲಿ ಹಿಡಿದು ಬದುಕುತ್ತಿದ್ದ ಬಡ ಜನ. ಹಾವಿನ ಚರ್ಮ ಮಾರುವುದು ಅವರಲ್ಲಿ ಅನೇಕರ ಜೀವನೋಪಾಯ ಆಗಿತ್ತು. ಕಾಯ್ದೆ ಬಂದು ಚರ್ಮದ ವ್ಯಾಪಾರ ನಿಂತಾಗ ಅವರ ಹೊಟ್ಟೆಪಾಡು ಹೋಯಿತು. ಆಗ 1978ರಲ್ಲಿ ಅವರ ಒಂದು ಸಹಕಾರ ಸಂಘ ಶುರುವಾಯಿತು. ಹಾವು ಹಿಡಿಯುವ ಅದೇ ವಿದ್ಯೆ, ಆದರೆ ಕೊಲ್ಲುವುದಕ್ಕಲ್ಲ. ಸರ್ಕಾರದ ಅನುಮತಿಯಲ್ಲಿ ಹಾವು ಹಿಡಿದು, ಕೆಲವು ವಾರ ಮಡಕೆಯಲ್ಲಿಟ್ಟು, ಕೆಲವು ಸಲ ವಿಷ ತೆಗೆದು, ಹೊಟ್ಟೆಯ ಹುರುಪೆಯಲ್ಲಿ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಮೊಸಳೆ ಕೇಂದ್ರದ ಆವರಣದಲ್ಲೇ ಅವರ ಈ ಕೆಲಸ.

ಆ ವಿಷವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕುದುರೆಗೆ ಕೊಡುತ್ತಾರೆ. ಕುದುರೆಯ ರಕ್ತದಲ್ಲಿ ಅದನ್ನು ಎದುರಿಸುವ ಶಕ್ತಿ ಹುಟ್ಟುತ್ತದೆ. ಅದರಿಂದ ತಯಾರಾಗುವುದೇ ಡಾಕ್ಟರರು ಎ.ಎಸ್.ವಿ. ಎನ್ನುವ ಪ್ರತಿವಿಷದ ಇಂಜೆಕ್ಷನ್. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷದಲ್ಲಿ ದೊಡ್ಡ ಪಾಲು ಈ ಇರುಳರ ಸಂಘದಿಂದ ಬಂದಿದೆ. ಇರುಳ ಜನಾಂಗದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಿಕ್ಕಿತು.

ಸಹೋದರಿಯರೇ, ಓದು ಬರಹ ಕಡಿಮೆ ಇದ್ದ ಬಡವರು ಒಂದು ಸಂಘ ಕಟ್ಟಿಕೊಂಡು ದೇಶದ ಮಕ್ಕಳ ಜೀವ ಉಳಿಸುವ ಕೆಲಸ ಮಾಡಿದರು. ಸಂಘಕ್ಕೆ ಎಂಥ ಬಲ ಇದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ನಿಮ್ಮ ಮಗುವಿಗೆ ಮಾತ್ರ ಹೇಳಿ.

ಕಡಿದರೆ ಏನು ಮಾಡಬೇಕು

ಉದ್ಯಾನದಲ್ಲಿ ಇಂಥ ಮಾಹಿತಿಯ ಬೋರ್ಡು ಕಂಡರೆ ಮಗುವಿನಿಂದಲೇ ಜೋರಾಗಿ ಓದಿಸಿ. ಇಲ್ಲಿ ನಾವೂ ಹೇಳುತ್ತೇವೆ, ಮನೆಯಲ್ಲಿ ಗೋಡೆಗೆ ಅಂಟಿಸಿಡಿ.

* ಮಗುವಿಗೆ ಧೈರ್ಯ ಹೇಳಿ. ಅದನ್ನು ಓಡಿಸಬೇಡಿ, ನಡೆಸಲೂ ಬೇಡಿ. ಎತ್ತಿಕೊಂಡು ಹೋಗಿ.
* ಬಳೆ, ಉಂಗುರ, ಕಾಲ್ಗೆಜ್ಜೆ, ಕಪ್ಪು ದಾರ ತೆಗೆಯಿರಿ. ಆಮೇಲೆ ಬಾತುಕೊಂಡರೆ ತೆಗೆಯಲಿಕ್ಕಾಗುವುದಿಲ್ಲ.
* ಕಡಿದ ಕೈ ಅಥವಾ ಕಾಲು ಅಲುಗಾಡದ ಹಾಗೆ ಒಂದು ಹಲಗೆ ತುಂಡೋ ಸ್ಕೇಲೋ ಇಟ್ಟು, ಮೂಳೆ ಮುರಿದಾಗ ಮಾಡುವ ಹಾಗೆ, ಬಟ್ಟೆಯಿಂದ ಸಡಿಲವಾಗಿ ಸುತ್ತಿ.
* 108ಕ್ಕೆ ಫೋನ್ ಮಾಡಿ. ಅದು ಬರುವುದು ತಡ ಎಂದಾದರೆ ರಿಕ್ಷಾ, ಜೀಪು, ಬೈಕು ಯಾವುದು ಸಿಕ್ಕಿದರೂ ಸರಿ. ಪ್ರತಿವಿಷ ಇರುವ ಸರ್ಕಾರಿ ಆಸ್ಪತ್ರೆಗೆ ನೇರ ಹೋಗಿ.
* ಎಷ್ಟು ಹೊತ್ತಿಗೆ ಕಡಿಯಿತು, ಆಮೇಲೆ ಏನೇನು ಆಯಿತು ಎಂದು ಡಾಕ್ಟರಿಗೆ ಹೇಳಿ.

ಮಾಡಬಾರದ್ದು: ಹಗ್ಗದಿಂದ ಬಿಗಿದು ಕಟ್ಟಬೇಡಿ, ರಕ್ತ ನಿಂತು ಕೈಕಾಲೇ ಹೋದೀತು. ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ, ಐಸ್ ಇಡಬೇಡಿ, ಸೊಪ್ಪಿನ ರಸ ಹಚ್ಚಬೇಡಿ, ವಿಷ ಎಳೆಯುವ ಕಲ್ಲು ನಂಬಬೇಡಿ. ಹಾವನ್ನು ಹುಡುಕಿ ಕೊಂದು ಆಸ್ಪತ್ರೆಗೆ ತರುವ ಅಗತ್ಯ ಇಲ್ಲ. ನಾಲ್ಕು ಹಾವುಗಳಿಗೂ ಕೊಡುವುದು ಒಂದೇ ಇಂಜೆಕ್ಷನ್. ಹಾವು ಹುಡುಕಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ.

"ನಮ್ಮೂರಿನಲ್ಲಿ ಮಂತ್ರ ಹಾಕಿಸಿ ಗುಣ ಆಗಿದೆಯಲ್ಲ" ಎಂದು ಕೆಲವರು ಹೇಳುತ್ತೀರಿ. ಆಗಿರಬಹುದು. ಯಾಕೆಂದರೆ ಅನೇಕ ಸಲ ಕಡಿದದ್ದು ವಿಷವಿಲ್ಲದ ಹಾವು. ಕೆಲವೊಮ್ಮೆ ವಿಷದ ಹಾವು ಕಡಿದರೂ ವಿಷ ಬಿಟ್ಟಿರುವುದಿಲ್ಲ. ಅಂಥವರು ಏನು ಮಾಡದಿದ್ದರೂ ಉಳಿಯುತ್ತಿದ್ದರು. ನಿಜವಾಗಿ ವಿಷ ಏರಿದ ಮಗುವಿಗೆ ಮಂತ್ರವಾದಿಯ ಅಂಗಳದಲ್ಲಿ ಕಳೆದ ಆ ಒಂದು ಗಂಟೆಯೇ ಸಾವು.

ಕಟ್ಟುಹಾವಿನ ಬಗ್ಗೆ ತಾಯಂದಿರು ಬೇರೆಯಾಗಿ ನೆನಪಿಡಬೇಕು. ಅದು ಕಡಿದರೆ ಹೆಚ್ಚು ನೋವಾಗುವುದಿಲ್ಲ, ಕೆಲವೊಮ್ಮೆ ಗುರುತೂ ಕಾಣುವುದಿಲ್ಲ. ನೆಲದಲ್ಲಿ ಮಲಗಿದ್ದ ಮಗು ರಾತ್ರಿಯೋ ಬೆಳಗಿನ ಜಾವವೋ ಎದ್ದು ಹೊಟ್ಟೆನೋವು ಎಂದರೆ, ರೆಪ್ಪೆ ಜೋತು ಬಿದ್ದರೆ, ನುಂಗಲಿಕ್ಕೆ, ಮಾತಾಡಲಿಕ್ಕೆ ಕಷ್ಟ ಆದರೆ, "ಗ್ಯಾಸ್ ಇರಬೇಕು, ಓಮದ ನೀರು ಕೊಡುವಾ" ಎನ್ನುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಇದಕ್ಕೆ ತಡೆ ಬಹಳ ಸುಲಭ. ಸೊಳ್ಳೆ ಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿಸಿ. ಸೊಳ್ಳೆಯೂ ಬರುವುದಿಲ್ಲ, ಹಾವೂ ಬರುವುದಿಲ್ಲ.

ಕೊನೆಯ ಪಾಠ ನಮಗೆ

ಇಷ್ಟು ಹೊತ್ತು ಮಗು ಏನು ಕಲಿಯುತ್ತದೆ ಎಂದು ಹೇಳಿದೆವು. ಆದರೆ ಇದೆಲ್ಲ ಉಪಯೋಗಕ್ಕೆ ಬರಬೇಕಾದರೆ ತಾಯಿ ಒಂದು ವಿಷಯ ಕಲಿಯಬೇಕು.

ಮಗುವಿಗೆ ಹಾವು ಕಡಿಯುವುದು ಎಲ್ಲಿ? ಹೋಗಬೇಡ ಎಂದ ಗುಡ್ಡದಲ್ಲಿ, ಕೈ ಹಾಕಬೇಡ ಎಂದ ಬಿಲದಲ್ಲಿ, ಇಳಿಯಬೇಡ ಎಂದ ತೋಡಿನಲ್ಲಿ. ಕಡಿದ ಕೂಡಲೇ ಆ ಮಗುವಿನ ಮನಸ್ಸಿಗೆ ಮೊದಲು ಬರುವುದು ವಿಷದ ಹೆದರಿಕೆ ಅಲ್ಲ, ಅಮ್ಮನ ಏಟಿನ ಹೆದರಿಕೆ. "ಮುಳ್ಳು ಚುಚ್ಚಿತು" ಎನ್ನುತ್ತದೆ, ಇಲ್ಲವೆ ಏನೂ ಹೇಳದೆ ಮೂಲೆಯಲ್ಲಿ ಮಲಗುತ್ತದೆ. ವಿಷ ಕಾಯುವುದಿಲ್ಲ. ಪ್ರತಿವಿಷ ಇದ್ದರೂ, 108 ಇದ್ದರೂ, ಮಗು ಬಾಯಿ ಬಿಡದಿದ್ದರೆ ಏನು ಪ್ರಯೋಜನ?

ಆದ್ದರಿಂದ ಉದ್ಯಾನದಿಂದ ಬರುವಾಗ ಬಸ್ಸಿನಲ್ಲಿ ಮಗುವಿಗೆ ಒಂದು ಮಾತು ಕೊಡಿ. "ನೀನು ಎಲ್ಲಿಗೇ ಹೋಗಿರು, ಏನೇ ಮಾಡಿರು, ಏನಾದರೂ ಕಚ್ಚಿದರೆ ಆ ಕೂಡಲೇ ನನಗೆ ಹೇಳು. ನಾನು ಹೊಡೆಯುವುದಿಲ್ಲ, ಬೈಯುವುದಿಲ್ಲ." ಕೊಟ್ಟ ಮಾತಿನಂತೆ ನಡೆಯಿರಿ. ಇವತ್ತು ಸಣ್ಣ ತಪ್ಪು ಹೇಳಿದ್ದಕ್ಕೆ ಏಟು ತಿಂದ ಮಗು ನಾಳೆ ದೊಡ್ಡದನ್ನು ಹೇಳುವುದಿಲ್ಲ. ಹಾವಿನ ವಿಷಯದಲ್ಲಿ ಮಾತ್ರ ಅಲ್ಲ, ನಿಮ್ಮ ಮಗಳಿಗೆ ದಾರಿಯಲ್ಲಿ ಯಾರಾದರೂ ತೊಂದರೆ ಕೊಟ್ಟರೂ ಅಷ್ಟೇ. ಅಮ್ಮನಿಗೆ ಹೇಳಬಹುದು ಎಂಬ ಧೈರ್ಯ ಮಗುವಿಗಿದ್ದರೆ ಅದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ.

ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿ, ಗಡಿಬಿಡಿ ಮಾಡಬೇಡಿ. ಗಾಜಿಗೆ ಬಡಿಯುವುದು, ಮೊಸಳೆಗೆ ಕಲ್ಲೆಸೆಯುವುದು, ಪ್ಲಾಸ್ಟಿಕ್ ಬಿಸಾಡುವುದು ಮಾಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿ. ಎಲ್ಲವನ್ನೂ ನೋಡಬೇಕೆಂದಿಲ್ಲ. ನಾಲ್ಕು ಹಾವುಗಳನ್ನು ಸರಿಯಾಗಿ ನೋಡಿ ಬಂದರೂ ಟಿಕೆಟಿನ ದುಡ್ಡು ಸಾರ್ಥಕ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ:

1. ನಮ್ಮ ಊರಿಗೆ ಹತ್ತಿರ ಪ್ರತಿವಿಷ ಇರುವ ಆಸ್ಪತ್ರೆ ಯಾವುದು? ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳುವವರು ಯಾರು?
2. ರಾತ್ರಿ ಹೊತ್ತು ಕರೆದರೆ ಬರುವ ವಾಹನ ಯಾರದ್ದು? ಅವರ ಫೋನ್ ನಂಬರ್ ಎಲ್ಲ ಸದಸ್ಯೆಯರ ಹತ್ತಿರ ಇದೆಯೇ?
3. ನಮ್ಮ ಗುಂಪಿನಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ನೆಲದಲ್ಲಿ ಮಲಗುತ್ತಾರೆ? ಎಲ್ಲರಿಗೂ ಸೊಳ್ಳೆ ಪರದೆ ಇದೆಯೇ? ಇಲ್ಲದವರಿಗೆ ಸಂಘದಿಂದ ಸಣ್ಣ ಸಾಲ ಕೊಡಬಹುದೇ?
4. ಮನೆಗೆ ತಾಗಿದ ಸೌದೆ, ಮಡಲು, ಹಂಚಿನ ರಾಶಿಯನ್ನು ಮಳೆಗಾಲಕ್ಕೆ ಮೊದಲು ದೂರ ಸರಿಸುವ ಶ್ರಮದಾನ ಯಾವಾಗ?
5. ಮಕ್ಕಳನ್ನು ಒಟ್ಟಾಗಿ ಕರೆದುಕೊಂಡು ಹೋಗಲು ತಿಂಗಳಿಗೆ ತಲಾ ಎಷ್ಟು ತೆಗೆದಿಡೋಣ?

ನಾವು ದೊಡ್ಡವರು ಹಾವು ಕಂಡರೆ ಇನ್ನೂ ಕಿರುಚಬಹುದು, ಅದು ಅಷ್ಟು ಸುಲಭದಲ್ಲಿ ಹೋಗುವುದಿಲ್ಲ. ನಮ್ಮ ಮಕ್ಕಳಾದರೂ ಎರಡು ಹೆಜ್ಜೆ ಹಿಂದೆ ಸರಿದು, ನೋಡಿ, ಬಂದು ಹೇಳುವವರಾಗಲಿ.